ನಾಲ್ಕು ಮೀಟರಿನ ಬೀಮ್

ಗಾದ್ರಪ್ಪನದು ಕೂತಲ್ಲಿ ಕೂರದ ಜೀವ. ಜಗಳೂರಿನ ಮನೆಯಲ್ಲಿ ರಾತ್ರಿ ಬಾಗಿಲಿಗೆ ಅಗಳಿ ಹಾಕಿದ ಮೇಲೂ ಮೂರು ಸಲ ಎದ್ದು ಮುಟ್ಟಿ ನೋಡುತ್ತಿದ್ದ. ಚನ್ನಗಿರಿಯಲ್ಲಿ ಇಂಜಿನಿಯರ್ ಮಹೇಶ್ವರಪ್ಪನವರ ಕಚೇರಿಗೆ ನಕ್ಷೆ ಬರೆಯಲು ಸೇರಿದ ಮೇಲೆ, ಅಳೆದ ಗೆರೆಯನ್ನೇ ಮತ್ತೆ ಅಳೆಯುತ್ತಿದ್ದ. "ಕಾಗದ ಸವೆಸ್ತೀಯೋ, ಸ್ಕೇಲ್ ಸವೆಸ್ತೀಯೋ?" ಎಂದು ಮಹೇಶ್ವರಪ್ಪ ನಗುತ್ತಿದ್ದರು.

೧೯೮೧ರಲ್ಲಿ ಅವರ ತಮ್ಮ ಬೊಂಬಾಯಿಯಿಂದ ಒಂದು ಕ್ಯಾಲ್ಕುಲೇಟರ್ ತಂದುಕೊಟ್ಟ. ಅಂಗೈಯಗಲದ ಆ ಯಂತ್ರಕ್ಕೆ ಐವತ್ತು ಹೆಜ್ಜೆಯ ಪ್ರೋಗ್ರಾಮ್ ಕಲಿಸಬಹುದಿತ್ತು. ಮಹೇಶ್ವರಪ್ಪನವರಿಗೆ ಅದರ ಪುಸ್ತಕ ಓದುವ ತಾಳ್ಮೆಯಿರಲಿಲ್ಲ. ಗಾದ್ರಪ್ಪ ಮೂರು ತಿಂಗಳು ತಿಣುಕಿ ಅದಕ್ಕೆ ಬೀಮಿನ ಲೆಕ್ಕ ಕಲಿಸಿದ. ಬೀಮಿನ ಉದ್ದ, ಮೀಟರಿಗೆ ಎಷ್ಟು ಟನ್ ಭಾರ ಎಂದು ಒತ್ತಿದರೆ ಮೊದಲು ಶಿಯರ್ ಹೇಳುತ್ತಿತ್ತು: ಗೋಡೆಯಂಚಿನಲ್ಲಿ ಬೀಮನ್ನು ಕತ್ತರಿಸಲು ನೋಡುವ ಬಲ. ಆಮೇಲೆ ಬೆಂಡಿಂಗ್ ಮೊಮೆಂಟ್: ನಡುವಿನಲ್ಲಿ ಅದನ್ನು ಬಾಗಿಸುವ ಒತ್ತಡ. ಶಿಯರನ್ನು ಉದ್ದದ ಕಾಲು ಭಾಗದಿಂದ ಗುಣಿಸಿದರೆ ಮೊಮೆಂಟ್ ಬರುತ್ತದೆಂದು ಕಂಡುಕೊಂಡು ಹೆಜ್ಜೆ ಉಳಿಸಿದ್ದು ಅವನ ಹೆಮ್ಮೆ.

ಆದರೆ ಆರಿಸಿದೊಡನೆ ಯಂತ್ರ ಎಲ್ಲವನ್ನೂ ಮರೆಯುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ, ಹಣೆಯ ವಿಭೂತಿ ಒಣಗುವ ಮೊದಲೇ, ಗಾದ್ರಪ್ಪ ಐವತ್ತೂ ಹೆಜ್ಜೆಗಳನ್ನು ಬಾಯಿಪಾಠದಿಂದ ಒತ್ತುತ್ತಿದ್ದ. ಪರೀಕ್ಷೆಗೆ ಯಾವಾಗಲೂ ಒಂದೇ ಬೀಮ್: ನಾಲ್ಕು ಮೀಟರ್ ಉದ್ದ, ಮೀಟರಿಗೆ ಎರಡು ಟನ್. ಶಿಯರ್ ನಾಲ್ಕು, ಮೊಮೆಂಟೂ ನಾಲ್ಕು. ಕೆಂಪು ದೀಪದಲ್ಲಿ ಎರಡು ನಾಲ್ಕುಗಳು ಒಂದರ ಹಿಂದೊಂದು ಮೂಡಿದಾಗ ಮಾತ್ರ ಅವನ ಎದೆ ತಣ್ಣಗಾಗುತ್ತಿತ್ತು.

ಎರಡು ವರ್ಷದ ನಂತರ ಸಾಸ್ವೆಹಳ್ಳಿಯ ಶಂಕರಮ್ಮ ಹೊಸ ಮನೆ ಕಟ್ಟಿಸಲು ಬಂದರು. ಗಂಡ ಮಲ್ಲೇಶಪ್ಪನಿಗೆ ಕಣ್ಣು ಹೋಗಿತ್ತು. "ಹಳೇ ಮನ್ಯಾಗೆ ಕಂಬಕ್ಕೆ ಹಣೆ ಹೊಡಕಂಡು ಹೊಡಕಂಡು ಸಾಕಾಗೈತ್ರಿ ಇವರಿಗೆ. ಇಲ್ಲಿ ಕೈ ಬೀಸ್ಕೊಂಡು ನಡೀಬೇಕು. ನಡುವೆ ಕಂಬ ಬ್ಯಾಡ," ಎಂದರು. ಪಡಸಾಲೆ ಆರು ಮೀಟರ್. ಅದನ್ನು ದಾಟುವ ಒಂದು ಬೀಮ್, ಅದರ ಮೇಲೆ ಕಲ್ಲು ಚಪ್ಪಡಿ.

ಲೆಕ್ಕದ ದಿನ ಗಾದ್ರಪ್ಪ ಹೆಜ್ಜೆ ಒತ್ತುತ್ತಿರುವಾಗಲೇ ಮೇಸ್ತ್ರಿ ಕಲ್ಲೇಶಪ್ಪ ಬಾಗಿಲಲ್ಲಿ ನಿಂತ. "ಏನ್ ಗಾದ್ರಣ್ಣ, ಪೂಜೆ ಮುಗೀತೇನು? ಕಂಬಿ ಕಟ್ಟಾಕೆ ಆಳು ಕುಂತಾವೆ, ಚೀಟಿ ಕೊಡು ಮಾರಾಯ."

"ತಡಿಯಪ್ಪ," ಎಂದು ತಲೆಯೆತ್ತಿದ ಗಾದ್ರಪ್ಪ ಮತ್ತೆ ಬೆರಳಿಟ್ಟ. ಪರೀಕ್ಷೆಯ ಬೀಮ್: ನಾಲ್ಕು, ನಾಲ್ಕು. ಸಾಸ್ವೆಹಳ್ಳಿಯ ಬೀಮ್, ಅದೇ ಎರಡು ಟನ್ ಭಾರ: ಆರು, ಆರು. ಎರಡು ಅಂಕಿ ಜೋಡಿಯಾಗಿ ಬಂದದ್ದು ಕಣ್ಣಿಗೆ ಶುಭವಾಗಿಯೇ ಕಂಡಿತು. ಅದರಂತೆ ಬೀಮಿಗೆ ಎಷ್ಟು ಕಬ್ಬಿಣದ ಕಂಬಿ ಎಂದು ಚೀಟಿ ಬರೆದುಕೊಟ್ಟ.

ಮೂರು ವಾರದ ಮೇಲೆ ನ್ಯಾಮತಿಯ ಒಂದು ಅಂಗಡಿಗೆ ಐದು ಮೀಟರಿನ ಬೀಮ್, ಭಾರ ಅಷ್ಟೇ. ಶಿಯರ್ ಐದು, ಮೊಮೆಂಟ್ ಆರೂಕಾಲು. ನೋಟ್‌ಬುಕ್ಕಿನಲ್ಲಿ ಬರೆಯುವಾಗ ಎದುರು ಪುಟದಲ್ಲಿ ಸಾಸ್ವೆಹಳ್ಳಿಯ ಮೊಮೆಂಟಿನ ಆರರ ಮೇಲೆ ಬೆರಳು ನಿಂತಿತು. ಐದು ಮೀಟರಿನ ಬೀಮಿಗಿಂತ ಆರು ಮೀಟರಿನದು ಕಡಿಮೆ ಬಾಗುವುದೆ? ಆರು ಮೀಟರಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿದ. ಒಂಬತ್ತು. ಇನ್ನೊಮ್ಮೆ ಮಾಡಿದ. ಒಂಬತ್ತೇ.

ಮೇಸ್ತ್ರಿಗೆ ಉತ್ತರ ಕೊಡಲು ತಲೆಯೆತ್ತಿದಾಗ ಬಿಟ್ಟುಹೋದದ್ದು ಕಾಲು ಭಾಗದಿಂದ ಗುಣಿಸುವ ಹೆಜ್ಜೆ. ನಾಲ್ಕರ ಕಾಲು ಭಾಗ ಒಂದು. ಒಂದರಿಂದ ಗುಣಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎರಡು ವರ್ಷ ದಿನಾ ನಂಬಿದ್ದ ಪರೀಕ್ಷೆ ಆ ಒಂದು ತಪ್ಪಿಗೆ ಮಾತ್ರ ಕುರುಡಾಗಿತ್ತು.

"ಸುಮ್ನಿರೋ," ಎಂದರು ಮಹೇಶ್ವರಪ್ಪ. "ಹೆಚ್ಚೂ ಕಡಿಮೆ ಇರಲಿ ಅಂತ ಕಂಬಿ ಒಂದಿಷ್ಟು ಜಾಸ್ತಿನೇ ಹಾಕಿರ್ತೀವಿ. ಬೀಳಾಕಿಲ್ಲ."

"ಆ ಜಾಸ್ತಿನೆಲ್ಲ ನಾನೇ ತಿಂದ್ಬಿಟ್ಟೀನಿ ಸಾರ್. ಇವತ್ತು ಸೆಂಟ್ರಿಂಗ್ ಆಸರೆ ಬಿಚ್ತಾರೆ, ನಾಳೆ ಚಪ್ಪಡಿ ಏರಿಸ್ತಾರೆ."

"ಹೇಳಿದ್ರೆ ಹೋಗೋದು ನನ್ನ ಹೆಸರು."

ಗಾದ್ರಪ್ಪ ಚಪ್ಪಲಿ ಮೆಟ್ಟಿದ. ನೇರ ಬಸ್ಸು ಹೋಗಿಬಿಟ್ಟಿತ್ತು. ಹೊನ್ನಾಳಿ ಸುತ್ತಿಕೊಂಡು ಹೋಗಬೇಕಾಯಿತು. ಸೀಟು ಸಿಕ್ಕರೂ ಕೂರಲಿಲ್ಲ. ಕಂಡಕ್ಟರ್ ಎರಡು ಸಲ ಗದರಿದ. ನಿಂತಲ್ಲೇ ಕಾಲು ಬದಲಿಸುತ್ತ, ದಾರಿಯ ಪ್ರತಿ ಮನೆಯ ಬಾಗಿಲಲ್ಲೂ ಅವನು ಕಂಡದ್ದು ನೆತ್ತಿಯ ಮೇಲಿನ ಬೀಮನ್ನೇ.

ಸಾಸ್ವೆಹಳ್ಳಿಯಲ್ಲಿ ಏಳು ಆಸರೆಗಳಲ್ಲಿ ಮೂರು ಆಗಲೇ ನೆಲದಲ್ಲಿದ್ದವು. "ಮೇಸ್ತ್ರಿ, ಮುಟ್ಟಬ್ಯಾಡ! ವಾಪಸ್ ನಿಲ್ಸು ಅವನ್ನ!"

"ನಿಂಗೇನ್ ಹುಚ್ಚು ಹಿಡಿದೈತಾ?" ಎಂದರೂ ಅವನ ಮುಖ ನೋಡಿ ಕಲ್ಲೇಶಪ್ಪ ಆಸರೆಗಳನ್ನು ಮತ್ತೆ ಎತ್ತಿ ಬೀಮಿನಡಿ ನಿಲ್ಲಿಸಿದ.

ಗಾದ್ರಪ್ಪ ಶಂಕರಮ್ಮನ ಎದುರು ಎಲ್ಲ ಹೇಳಿದ. ಮೇಸ್ತ್ರಿಯ ಅವಸರದ ಮಾತು ಎತ್ತಲಿಲ್ಲ. "ಬೆರಳು ತಪ್ಪಿದ್ದು ನಂದು ಅಮ್ಮಾರೆ. ಇದನ್ನ ಒಡೆದು ಬೇರೆ ಹಾಕಬೇಕು."

ಶಂಕರಮ್ಮ ಗಂಡನತ್ತ ತಿರುಗಿದರು. "ಒಂದು ಕಂಬ ಕೊಟ್ರೆ ಆಗಾಕಿಲ್ವಾ?" ಎಂದ ಕಲ್ಲೇಶಪ್ಪ ಮೆಲ್ಲಗೆ.

ಇಟ್ಟಿಗೆ ರಾಶಿಯ ಮೇಲೆ ಕೂತಿದ್ದ ಮಲ್ಲೇಶಪ್ಪ ನಕ್ಕ. "ನನಗೆ ಕಾಣಾಕಿಲ್ಲ ಸರಿ, ನಿನ್ನ ಮಿಷನ್ನಿಗೂ ಕಾಣಲಿಲ್ಲ ಅನ್ನು. ಕಂಬ ಬ್ಯಾಡ. ಒಡೀರಿ."

"ಒಡೀರಿ," ಎಂದರು ಶಂಕರಮ್ಮ. "ಆದ್ರೆ ಹೊಸದು ಮುಗಿಯೋ ತನಕ ನೀನು ಇಲ್ಲೇ ಬಂದು ನಿಲ್ಲಬೇಕಪ್ಪ."

ನಾಲ್ಕನೆಯ ದಿನ ಮಹೇಶ್ವರಪ್ಪನವರೇ ಬಂದು ಹೊಸ ಕಂಬಿಗಳನ್ನು ಎಣಿಸಿದರು. ಗಾದ್ರಪ್ಪನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ.

ಹೊಸ ಬೀಮಿನ ಮೇಲೆ ಚಪ್ಪಡಿ ಏರಿಸುವ ಮೊದಲು ಗಾದ್ರಪ್ಪ ಅದರ ಕೆಳಗೆ, ಒಂದು ಬೆರಳಿನ ಸಂದು ಬಿಟ್ಟು, ಗೋಡೆಯಿಂದ ಗೋಡೆಗೆ ದಾರ ಬಿಗಿದ. ಬೀಮ್ ಜಗ್ಗಿದರೆ ಸಂದು ಮುಚ್ಚಬೇಕು. ಚಪ್ಪಡಿ ಏರಿಸಿ ಎಲ್ಲರೂ ಊಟಕ್ಕೆ ಹೋದರು. ಅವನು ಹೋಗಲಿಲ್ಲ. ಏಣಿ ಹತ್ತಿ ಇಳಿದು, ಮತ್ತೆ ಹತ್ತಿದ.

"ಇಳಿ ಅತ್ಲಾಗೆ, ನಾ ನೋಡ್ತೀನಿ," ಎಂದ ಊಟ ಮುಗಿಸಿ ಬಂದ ಮಲ್ಲೇಶಪ್ಪ. ಏಣಿ ತಡವಿ ಹತ್ತಿ ದಾರಕ್ಕೂ ಬೀಮಿಗೂ ನಡುವೆ ಬೆರಳು ತೂರಿಸಿ, ಅತ್ತಿತ್ತ ಆಡಿಸಿದ.

"ಹೋಗ್ತೈತೆ ಬಿಡು. ಇನ್ನಾದ್ರೂ ಕುಂತ್ಕಾ."

ಮಲ್ಲೇಶಪ್ಪ ಇಳಿದು, ಕೈ ಬೀಸಿಕೊಂಡು ಪಡಸಾಲೆಯ ಆ ಗೋಡೆಯ ತನಕ ನಡೆದ. ಗಾದ್ರಪ್ಪ ಇಟ್ಟಿಗೆಯ ಮೇಲೆ ಕೂತ. ಮಲ್ಲೇಶಪ್ಪ ತಿರುಗಿ ಬರುವಷ್ಟರಲ್ಲಿ ಅವನು ಎದ್ದು ಮತ್ತೆ ಏಣಿಗೆ ಕಾಲಿಟ್ಟಿದ್ದ.