ಹತ್ತು ಲಕ್ಷದ ಒಂಬತ್ತು

ನಮ್ಮ ದೊಡ್ಡಪ್ಪ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದರು. ಅಂಚು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಇನ್ನೊಂದು ಹುಚ್ಚು ಸಂಖ್ಯೆಗಳದ್ದು. ಟಿಕೆಟ್ ಪುಸ್ತಕಗಳ ಮೇಲೆ ಬೀಳುವ ನಂಬರುಗಳನ್ನು ಬಿಡುವಿದ್ದಾಗ ಭಾಗಿಸುತ್ತ ಕೂರುತ್ತಿದ್ದರು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ ಸಿಕ್ಕರೆ "ಇದು ಜಗ್ಗಲ್ಲ" ಎಂದು ಮೀಸೆ ತಿರುವುತ್ತಿದ್ದರು. ಪುಸ್ತಕದಲ್ಲಿ ಅದನ್ನು ಅವಿಭಾಜ್ಯ ಎನ್ನುತ್ತಾರೆ.

ಅವರ ಹೆಮ್ಮೆಯದು ಹತ್ತು ಲಕ್ಷದ ಒಂಬತ್ತು. ಅದು ಭಾಗವಾಗುವುದಿದ್ದರೆ, ಗುಣಿಸುವ ಜೋಡಿಯಲ್ಲಿ ಚಿಕ್ಕದು ಸಾವಿರದೊಳಗೇ ಸಿಗಬೇಕು. ಹಾಗಾಗಿ ಸಾವಿರದೊಳಗಿನ ಜಗ್ಗದ ಸಂಖ್ಯೆಗಳನ್ನೆಲ್ಲ ರಟ್ಟಿನ ಮೇಲೆ ಬರೆದು, ನೂರಕ್ಕೊಂದು ಸಾಲು ಮಾಡಿ ಗೋಡೆಗೆ ತೂಗುಹಾಕಿದರು. ಎರಡು ತಿಂಗಳ ಊಟದ ಬಿಡುವು ಭಾಗಾಕಾರಕ್ಕೇ ಹೋಯಿತು. ಯಾವುದರಿಂದಲೂ ಹೋಗಲಿಲ್ಲ. ಕಂಡಕಂಡವರಿಗೆಲ್ಲ ಸಾರಿದರು.

ಅವರ ಮಗಳಿಗೆ, ನಮ್ಮಕ್ಕನಿಗೆ, ಆಗ ಹದಿನಾರು. ಗಣಿತ ಓದಬೇಕೆಂದು ಆಸೆಪಟ್ಟಿದ್ದಳು. ಒಂದು ದಿನ ಹಾಳೆ ಹಿಡಿದು ಮುದ್ರಣಾಲಯಕ್ಕೇ ಬಂದಳು. ಜೊತೆಗೆ ನಾನೂ ಇದ್ದೆ.

"ಅಪ್ಪ, ಇನ್ನೂರ ತೊಂಬತ್ತಮೂರಕ್ಕೆ ಹೋಗುತ್ತೆ."

ದೊಡ್ಡಪ್ಪ ಹಾಳೆ ನೋಡಲಿಲ್ಲ. ರಟ್ಟಿನತ್ತ ಬೆರಳು ತೋರಿಸಿ, "ಅಲ್ಲಿರೋದನ್ನೆಲ್ಲ ಹಾಕಿ ನೋಡಿದೀನಿ. ಭಾಗಾಕಾರವೇ ಬರದವಳು ಕಾಲೇಜಲ್ಲಿ ಗಣಿತ ತಗೋತಾಳಂತೆ" ಎಂದರು. ಜೊತೆಯವರು ನಕ್ಕರು. ನಾನೂ ನಕ್ಕೆ. ಅವಳಿಗಿಂತ ಒಂದೇ ವರ್ಷ ಚಿಕ್ಕವಳು ನಾನು, ನಗಬಾರದಿತ್ತು.

ಆ ವರ್ಷ ಅಕ್ಕ ಹೊಲಿಗೆ ತರಗತಿಗೆ ಸೇರಿದಳು. ಅವಳಿಗೆ ಅದೇ ಇಷ್ಟವೇನೋ ಎಂದುಕೊಂಡೆವು. ಹಾಗೆ ಅಂದುಕೊಳ್ಳುವುದು ನಮಗೆಲ್ಲ ಅನುಕೂಲವಾಗಿತ್ತು.

ಮೂವತ್ತು ವರ್ಷ ಕಳೆಯಿತು. ನಿವೃತ್ತರಾಗುವಾಗ ದೊಡ್ಡಪ್ಪ ರಟ್ಟನ್ನೂ ಮನೆಗೆ ತಂದರು. ಹೋದ ವಾರ ಯಾವುದೋ ಹಳೆಯ ಗಣಿತ ಪುಸ್ತಕದಲ್ಲಿ, ಸಾವಿರದೊಳಗೆ ಅವಿಭಾಜ್ಯಗಳು ನೂರ ಅರವತ್ತೆಂಟು ಎಂದು ಓದಿದರು. ಎಣಿಸಿದರೆ ರಟ್ಟಿನಲ್ಲಿ ಒಂದು ಕಡಿಮೆ. ಬದುಕಿಡೀ ನಂಬರುಗಳ ಹಿಂದೆ ಬಿದ್ದ ಮನುಷ್ಯ ಈ ಪಟ್ಟಿಯನ್ನು ಒಮ್ಮೆಯೂ ಎಣಿಸಿರಲಿಲ್ಲ. ಮೂರನೇ ಸಾಲು ಇನ್ನೂರ ಎಂಬತ್ತಮೂರಕ್ಕೇ ನಿಂತಿತ್ತು. ಬರೆದಾದ ಮೇಲೆ, ಅಂಚು ನೇರವಾಗಲಿ ಎಂದು ರಟ್ಟನ್ನು ತಮ್ಮ ಯಂತ್ರಕ್ಕೇ ಕೊಟ್ಟು ಒಂದು ಬೆರಳಗಲ ಸವರಿದ್ದರು. ಆ ಸಾಲೊಂದೇ ಅಂಚಿನವರೆಗೂ ಹೋಗಿದ್ದರಿಂದ ಅದರ ಕೊನೆಯ ಇನ್ನೂರ ತೊಂಬತ್ತಮೂರು ಆ ಚೂರಿನೊಂದಿಗೆ ಹೋಗಿತ್ತು.

ನನ್ನ ಮುಂದೆಯೇ ಕೂತು ಭಾಗಿಸಿದರು. ಮೂರು ಸಾವಿರದ ನಾನೂರ ಹದಿಮೂರು ಬಂತು, ಶೇಷ ಸೊನ್ನೆ. ದೊಡ್ಡಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರನ್ನು ಅಕ್ಕನ ಹೊಲಿಗೆ ಅಂಗಡಿಗೆ ಕರೆದುಕೊಂಡು ಹೋದೆ.

"ನೀನು ಹೇಳಿದ್ದೇ ಸರಿ ಕಣಮ್ಮ. ಇನ್ನೂರ ತೊಂಬತ್ತಮೂರು."

ಅಕ್ಕ ಯಂತ್ರ ನಿಲ್ಲಿಸಿದಳು. "ಗೊತ್ತಪ್ಪ."

"ಮತ್ತೆ ಇನ್ನೊಂದು ಸಲ ಯಾಕೆ ಹೇಳಲಿಲ್ಲ?"

"ಆ ಹಾಳೇನ ನಿನ್ನ ಊಟದ ಚೀಲದಲ್ಲಿ ಇಟ್ಟಿದ್ದೆ. ಕಾಲೇಜಿಗೆ ಅರ್ಜಿ ಕೊಡೋ ಕೊನೇ ದಿನದವರೆಗೂ ದಿನಾ ಸಂಜೆ ಚೀಲ ತೆಗೆದು ನೋಡ್ತಿದ್ದೆ. ಮಡಿಚಿದ್ದು ಮಡಿಚಿದ ಹಾಗೇ ಇರ್ತಿತ್ತು."