ಉಸುಕು ದಾಟಬ್ಯಾಡ

ಅವಳ ಹಿಮ್ಮಡಿ ಎಷ್ಟು ಒಡೆದಿತ್ತೆಂದರೆ ಆ ಬಿರುಕುಗಳಲ್ಲಿ ಸಮುದ್ರದ ಉಸುಕು ಕಾಯಂ ಮನೆ ಮಾಡಿತ್ತು. ಏಪ್ರಿಲ್ ಬಿಸಿಲಿಗೆ ನಾವೆಲ್ಲ ಚಪ್ಪಲಿ ಹಾಕಿಕೊಂಡೂ ಕುಣಿಯುತ್ತ ನಡೆಯುವಾಗ, ಅವಳು ಚಪ್ಪಲಿಯನ್ನು ಕಂಕುಳಲ್ಲಿ ಹಿಡಿದು, ತಲೆಯ ಮೇಲೆ ಬೆಡ್‌ಶೀಟಿನ ಗಂಟು ಹೊತ್ತು, ಬರಿಗಾಲಲ್ಲಿ ಹೋಗುತ್ತಿದ್ದಳು. "ಚಪ್ಪಲಿ ಸವಿತಾವ, ಕಾಲು ಎಲ್ಲಿ ಸವಿತಾವ?" ಅಂತ ನಗುತ್ತಿದ್ದಳು.

ಗೋವಾದ ಚಿಂಬಲ್‌ನಲ್ಲಿ ಅವಳ ಖೋಲಿಗೂ ನಮ್ಮ ಖೋಲಿಗೂ ಒಂದೇ ಗೋಡೆ. ವಿಜಯಪುರದ ಕಡೆಯವಳು. ನನಗೆ ರಕ್ತಸಂಬಂಧವೇನಿಲ್ಲ, ಇಡೀ ಓಣಿಗೇ ಅವಳು ದೊಡ್ಡವ್ವ. ನಾನು ಮದುವೆಯಾಗಿ ಗೋವಾಕ್ಕೆ ಬಂದಾಗ ಇಪ್ಪತ್ತೊಂದು ವರ್ಷದವಳು. ಗಂಟು ಕಟ್ಟುವುದರಿಂದ ಹಿಡಿದು "ಮೇಡಂ, ಸಿರ್ಫ್ ದೇಖೋ" ಅಂತ ಗಿರಾಕಿಗಳನ್ನು ಕರೆಯುವವರೆಗೆ ಬೀಚಿನ ವ್ಯಾಪಾರವನ್ನೆಲ್ಲ ಕಲಿಸಿದವಳು ಅವಳೇ. ಬಸ್ಸಿನಲ್ಲಿ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಕಂಡಕ್ಟರನ ಹೊಟ್ಟೆಯನ್ನೂ ಬಿಡುತ್ತಿರಲಿಲ್ಲ, ನನ್ನ ಗಂಡನ ಮೀಸೆಯನ್ನೂ ಬಿಡುತ್ತಿರಲಿಲ್ಲ.

ಒಂದು ವಿಷಯಕ್ಕೆ ಮಾತ್ರ ನಗು ಬಂದ್. "ಉಸುಕಿನ ಮ್ಯಾಲ ಮಾರು. ಉಸುಕು ದಾಟಿ ಯಾರ ಖೋಲಿಗೂ ಹೋಗಬ್ಯಾಡ. ಹೆಂಗಸು ಕರದ್ರೂ ಬ್ಯಾಡ, ಮುದುಕ ಕರದ್ರೂ ಬ್ಯಾಡ. ದೇವರು ಕರದ್ರೂ, ನೀನ ಕೆಳಗ ಬಾ ಅನ್ನು."

ನನಗೆ ಮೈ ಉರಿಯುತ್ತಿತ್ತು. ನಾನೇನು ಕೂಸೇ? ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತ ಬೆಳೆದವಳು. ಎದುರಿಗಿರುವ ಮನುಷ್ಯ ಎಂಥವನೆಂದು ನನ್ನ ಮನಸ್ಸು ಥಟ್ಟನೆ ಹೇಳುತ್ತಿತ್ತು, ಅದು ತಪ್ಪಿದ್ದೂ ಕಡಿಮೆ. "ದೊಡ್ಡವ್ವ, ನನಗ ಮಾರಿ ನೋಡಿದ್ರ ತಿಳೀತೈತಿ" ಅಂದೆ.

"ಹೌದಾ ಯವ್ವಾ? ಚಲೋ ಆತು. ಆದ್ರೂ ಬ್ಯಾಡ."

ಒಂದು ಮಧ್ಯಾಹ್ನ, ಬೀಚಿಗೆ ಹತ್ತಿಕೊಂಡ ಗೆಸ್ಟ್ ಹೌಸಿನ ಕಟ್ಟೆಯಿಂದ ವಯಸ್ಸಾದವರೊಬ್ಬರು ನನ್ನನ್ನು ಕರೆದರು. ಬಿಳಿ ಕೂದಲು, ದಪ್ಪ ಕನ್ನಡಕ. "ಬೇಟಿ, ನನ್ನ ಹೆಂಡತಿಗೆ ಜ್ವರ, ಏಳಲಾರಳು. ಬೆಡ್‌ಶೀಟು ಒಳಗೇ ಬಂದು ತೋರಿಸ್ತೀಯಾ?" ಅಂತ ಹಿಂದಿಯಲ್ಲಿ ಕೇಳಿದರು. ನಮ್ಮಪ್ಪನ ಹಾಗೆಯೇ ತಲೆ ಓರೆ ಮಾಡಿ ಮಾತಾಡುತ್ತಿದ್ದರು. ಮನಸ್ಸು ಒಂದೇ ಮಾತಿಗೆ ಹೂಂ ಅಂದಿತು. ಮೆಟ್ಟಿಲೇರಿದೆ, ಪಡಸಾಲೆ ದಾಟಿದೆ. ಇನ್ನೇನು ಬಾಗಿಲು ಬಂತು ಅನ್ನುವಾಗ ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು.

ದೊಡ್ಡವ್ವ! ಓಡಿ ಬಂದು ಏದುಸಿರು ಬಿಡುತ್ತಿದ್ದಳು. ತನಗೆ ಬಂದಷ್ಟು ಹಿಂದಿಯಲ್ಲಿ ಆ ಹಿರಿಯರನ್ನು ಬಾಯಿಗೆ ಬಂದಂತೆ ಬೈದಳು. ಗದ್ದಲಕ್ಕೆ ಬಾಗಿಲು ತೆರೆಯಿತು. ಶಾಲು ಹೊದ್ದ ಮುದುಕಿಯೊಬ್ಬರು, ಜ್ವರಕ್ಕೆ ಕೆಂಪಾದ ಕಣ್ಣು, ಗೋಡೆ ಹಿಡಿದು ನಿಂತಿದ್ದರು. ಗಂಡ ಹೆಂಡತಿ ಇಬ್ಬರೂ ನಮ್ಮನ್ನು ಕಳ್ಳರನ್ನು ನೋಡುವ ಹಾಗೆ ನೋಡಿದರು. ನಾಚಿಕೆಯಿಂದ ಸತ್ತೇಹೋದೆ ನಾನು.

ಕೆಳಗೆ ಬಂದವಳೇ ಜಗಳಕ್ಕೆ ನಿಂತೆ. "ನೋಡಿದ್ಯಾ? ಖರೇನ ಹೆಂಡತಿ ಇದ್ಲು! ಅಂಥಾ ಚಲೋ ಮನಶ್ಯಾಗ ಏನೇನ ಅಂದಿ!"

"ಹೌದು, ಚಲೋ ಮನಶ್ಯಾನ" ಅಂದಳು. ಬೋರಲು ಹಾಕಿದ್ದ ದೋಣಿಯ ನೆರಳಲ್ಲಿ ಕುಸಿದು ಕೂತಳು. "ಒಳಗ ಹೋಗೂ ಮುಂದ ನಿನಗ ಅಂಜಿಕಿ ಆತೇನು?"

"ಇಲ್ಲ."

"ನನಗೂ ಆಗಿರಲಿಲ್ಲ."

ಅವಳು ನನ್ನ ಕಡೆ ನೋಡದೆ ಹೇಳಿದಳು. "ಆಗ ನನಗ ನಿನ್ನಷ್ಟ ವಯಸ್ಸು. ಅವನೂ ಮಗಳ ಅಂತನ ಕರದಿದ್ದ. ಚಲೋ ಮಂದಿ, ಹೋಗು ಅಂತು ಮನಸ್ಸು. ಒಳಗ ಹ್ವಾದೆ. ಹಿಂದ ಚಿಲಕ ಬಿತ್ತು. ಹೊರಗ ಬಂದಾಗ ಹೊತ್ತು ಮುಳಗಿತ್ತು. ಮನಿಯಾಗ ಇವತ್ತಿಗೂ ಯಾರಿಗೂ ಹೇಳಿಲ್ಲ."

ನಾನು ಗಂಟು ಇಳಿಸಿ ಅವಳ ಪಕ್ಕ ಕೂತೆ.

"ಅಂಜಿಕಿ ಬಂತಂದ್ರ ಯಾವ ನೇಮನೂ ಬ್ಯಾಡ, ಕಾಲು ತಾವ ಓಡತಾವ. ನೇಮ ಬೇಕಾಗೂದು ಅಂಜಿಕಿ ಬರದಾಗ. ತಿಳೀತೇನು?"

ತಿಳಿಯಿತು. ತಿಳಿದದ್ದೇ ತಪ್ಪಾಯಿತೋ ಏನೋ, ಅಂದಿನಿಂದ ಒಳ್ಳೆಯ ಮುಖ ಕಂಡರೇ ನನಗೆ ಎದೆ ಡವಡವ. ಕೆಟ್ಟವರ ಭಯ ಎಲ್ಲರಿಗೂ ಇರುತ್ತದೆ. ನನ್ನದು ನನ್ನ ಮನಸ್ಸಿನದೇ ಭಯ, ಅದನ್ನು ಎಲ್ಲಿ ಇಟ್ಟು ಬರಲಿ? ಸಾಕಾಗಿ ಒಮ್ಮೆ ಅವಳನ್ನೇ ಕೇಳಿದೆ, "ಹಿಂಗ ಅಂಜಕೋತ ಎಷ್ಟ ದಿನ ಬದುಕೂದು ದೊಡ್ಡವ್ವ?"

"ಬದುಕತೀಯಲ್ಲ, ಸಾಕು" ಅಂದಳು.

ಹೋದ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಮಣ್ಣು ಮಾಡುವಾಗ ಅವಳ ಮಗ "ನಮ್ಮವ್ವ ಭಾಳ ಅಂಜಬುರುಕಿ ಇದ್ಲರಿ" ಅಂತ ಅತ್ತ. ಅವಳು ಯಾಕೆ ಅಂಜುತ್ತಿದ್ದಳೆಂದು ನನಗೆ ಕೂಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಇವತ್ತೂ ಅವಳ ಹೆಸರು ಬರೆಯುತ್ತಿಲ್ಲ.

ಪ್ರವಾಸಿಗರ ಸೀಸನ್ ಶುರುವಾದ ಮೇಲೆ, ಬೆಡ್‌ಶೀಟಿನ ಜೊತೆ ಗೆಜ್ಜೆಗಳನ್ನೂ ಗಂಟಿಗೆ ಹಾಕಿಕೊಂಡು, ಮೊದಲ ಸಲ ಒಬ್ಬಳೇ ಬೀಚಿಗೆ ಹೋದೆ. ಒಬ್ಬ ಯುವಕ, ಕಂಕುಳಲ್ಲಿ ಕೂಸು, ಹೋಟೆಲಿನ ಬಾಗಿಲಿಂದ ಕರೆದ. "ದೀದಿ, ಮೇಲೆ ಬರ್ತೀರಾ? ನಮ್ಮ ತಾಯಿ ಗೆಜ್ಜೆ ನೋಡಬೇಕಂತೆ." ಕೂಸು ನನ್ನನ್ನು ನೋಡಿ ನಕ್ಕಿತು. ನನ್ನೊಳಗೆ ಒಂದಿಷ್ಟೂ ಅಳುಕಿರಲಿಲ್ಲ, ಹೋಗು ಅಂತಲೇ ಅಂತು ಮನಸ್ಸು. ಆ ಅಳುಕು ಇಲ್ಲದ್ದನ್ನು ಕಂಡೇ ಹೆದರಿ ಉಸುಕಿನ ಮೇಲೇ ನಿಂತೆ. ಅವರನ್ನೇ ಇಲ್ಲಿಗೆ ಕರೆದುಕೊಂಡು ಬನ್ನಿ ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದ, ತಿರುಗಿ ಬರಲಿಲ್ಲ.

ಅವನು ಒಳ್ಳೆಯವನೋ ಕೆಟ್ಟವನೋ ನನಗೆ ಗೊತ್ತಿಲ್ಲ. ತನ್ನನ್ನು ಕರೆದವನು ಎಂಥವನೆಂದು ದೊಡ್ಡವ್ವನಿಗೆ ಚಿಲಕ ಬಿದ್ದ ಮೇಲೆ ಗೊತ್ತಾಗಿಬಿಟ್ಟಿತ್ತು. ನನಗೆ ಗೊತ್ತಾಗದೆ ಉಳಿದದ್ದು ಅವಳ ಪುಣ್ಯ.