ಎದುರು ಟೀಮಿನ ಹಾಡು ಹುಡುಕೋ ಅರ್ಡಿಸ್

ಶುಕ್ರವಾರ ಬೆಳಗ್ಗೆ ಐದೂ ಮುಕ್ಕಾಲು. ಹಾಲ್ವರ್ ಕಾಲೇಜಿನ ಸಂಗೀತ ಕಟ್ಟಡದ ನೆಲಮಾಳಿಗೇಲಿ ಒಂದೇ ಒಂದು ಟ್ಯೂಬ್‌ಲೈಟ್ ಉರೀತಿದೆ. ಅದರ ಕೆಳಗೆ ಅರ್ಡಿಸ್ ಕ್ವಾಲೆ ನಿಂತ್ಕೊಂಡು ಪೇಪರ್ ಕತ್ತರಿಸ್ತಿದಾರೆ. ಉದ್ದ ಹಿಡಿಯ ಹಳೇ ಕಟರ್. ಹಿಡಿ ಒಂದ್ಸಲ ಎತ್ತಿ ಇಳಿಸಿದ್ರೆ ಖಚಕ್ ಅನ್ನುತ್ತೆ, ದೊಡ್ಡ ಹಾಳೆ ಹೋಗಿ ಅಂಗೈ ಅಗಲದ ಚೀಟಿಗಳಾಗುತ್ತೆ. ಪ್ರತಿ ಚೀಟೀಲೂ ಒಂದು ಹಾಡಿನ ಸ್ವರ. ಅದನ್ನ ಪ್ಲಾಸ್ಟಿಕ್ ಜೇಬಿಗೆ ತೂರಿಸಿ, ಬ್ಯಾಂಡಿನ ಹುಡುಗರು ತಮ್ಮ ತಮ್ಮ ವಾದ್ಯಕ್ಕೆ ಕ್ಲಿಪ್ ಹಾಕ್ಕೋತಾರೆ. ನಡ್ಕೊಂಡು ಹೋಗ್ತಾ ಓದ್ಕೊಂಡು ಊದ್ತಾರೆ. ಮಳೆ ಬಂದ್ರೂ ಶಾಯಿ ಕದಡಲ್ಲ.

ನಾಳೆ ಮಧ್ಯಾಹ್ನ ಒಂದು ಗಂಟೆಗೆ ಈ ಸೀಸನ್ನಿನ ಮೊದಲನೇ ಫುಟ್‌ಬಾಲ್ ಮ್ಯಾಚು, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಅಮೆರಿಕನ್ ಫುಟ್‌ಬಾಲು, ಅದೂ ನಮ್ಮ ಮೈದಾನದಲ್ಲೇ. ಊರಲ್ಲಿ ಇರೋದು ಒಂಬತ್ತು ಸಾವಿರ ಜನ, ಸ್ಟೇಡಿಯಂ ಹಿಡಿಯೋದು ಆರು ಸಾವಿರ. ಉಳಿದ ಮೂರು ಸಾವಿರ ಜನ ಪಾರ್ಕಿಂಗಲ್ಲಿ ಗ್ರಿಲ್ ಹಚ್ಚಿ ಸಾಸೇಜ್ ಸುಡ್ತಾ ಕೂತಿರ್ತಾರೆ ಅಂತ ಲೆಕ್ಕ. ಎರಡು ವಾರದಿಂದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಈ ಕೋಲ್ಡ್ ವೆಲ್ಸ್ ಕಾಲೇಜ್ ಅಂದ್ರೆ ಯಾವ್ದಪ್ಪಾ?

ಆಡ್ಬೇಕಿದ್ದ ಟೀಮು ಬೇಸಿಗೇಲಿ ಕೈ ಎತ್ತಿಬಿಡ್ತು. ಅದರ ಬದಲಿಗೆ ಮೊಂಟಾನಾ ರಾಜ್ಯದ ಮೂಲೆಯಿಂದ ಈ ಕಾಲೇಜು ಬರ್ತಿದೆ. ಐವತ್ತೆರಡು ವರ್ಷದ ಹಿಂದೆ ಅಲ್ಲಿ ಫುಟ್‌ಬಾಲ್ ನಿಲ್ಲಿಸಿದ್ರಂತೆ, ಮತ್ತೆ ಶುರುವಾಗಿ ಇನ್ನೂ ಎರಡೇ ವರ್ಷ. ಮುಖ್ಯ ಬೀದಿಯ ಟೀ ಶರ್ಟ್ ಅಂಗಡಿಯವನು ಎದೆ ಮೇಲೆ 'ಯಾರು?' ಅಂತಷ್ಟೇ ಅಚ್ಚು ಹಾಕಿ ಮಾರ್ತಿದಾನೆ, ಒಳ್ಳೇ ವ್ಯಾಪಾರ. ನಮ್ಮ ಕೋಚ್ ಕಥೆ ಇನ್ನೂ ಚೆನ್ನಾಗಿದೆ. ಎದುರಾಳಿ ಹೇಗೆ ಆಡ್ತಾರೆ ಅಂತ ನೋಡೋಕೆ ಅವ್ರಿಗೆ ಸಿಕ್ಕಿರೋದು ಎರಡೇ ವಿಡಿಯೋ. ಅದರಲ್ಲಿ ಒಂದನ್ನ ಯಾರೋ ಆಟಗಾರನ ಅಮ್ಮ ತೆಗೆದಿದಾರೆ. ಎರಡೂವರೆ ಗಂಟೆ ಪೂರ್ತಿ ನಲವತ್ತನಾಲ್ಕನೇ ನಂಬರಿನ ಹುಡುಗನೇ ಕಾಣ್ತಾನೆ, ಬಾಲ್ ಒಂದ್ಸಲಾನೂ ಕಾಣಲ್ಲ.

ಕೋಚಿಗೆ ಅವ್ರ ಆಟ ಗೊತ್ತಿಲ್ಲ ಅನ್ನೋದು ಊರಿಗೆಲ್ಲಾ ಗೊತ್ತು. ಅರ್ಡಿಸ್‌ಗೆ ಅವ್ರ ಹಾಡು ಗೊತ್ತಿರ್ಲಿಲ್ಲ ಅನ್ನೋದು ಯಾರಿಗೂ ಗೊತ್ತಿಲ್ಲ.

ಅರ್ಡಿಸ್‌ಗೆ ಅರವತ್ತಾರು ವರ್ಷ. ಬ್ಯಾಂಡಿನ ಹಾಡುಗಳ ಕಪಾಟು ಕಾಯೋ ಕೆಲಸ, ಮೂವತ್ತೊಂದು ವರ್ಷದಿಂದ. ಬಂದಿದ್ದು ಮೂರು ವಾರದ ಮಟ್ಟಿಗೆ, ಯಾರೋ ಬಾಣಂತಿ ರಜೆ ಹಾಕಿದ್ರು ಅಂತ. "ಆ ಮಗೂಗೆ ಈಗ ಗಡ್ಡ ಬಂದಿದೆ. ಅವರಮ್ಮ ಇನ್ನೂ ವಾಪಸ್ ಬಂದಿಲ್ಲ" ಅಂತಾರೆ ಕಟರಿಂದ ಕಣ್ಣೆತ್ತದೇನೆ. ಬ್ಯಾಂಡಲ್ಲಿ ನೂರ ನಲವತ್ತೆರಡು ಜನ. ಡ್ರಮ್ಮಿನವ್ರು ಇಪ್ಪತ್ನಾಲ್ಕು ಜನ ಬಾಯಿಪಾಠ ಮಾಡ್ಕೋತಾರೆ. ಉಳಿದ ನೂರಾ ಹದಿನೆಂಟು ಜನಕ್ಕೆ ಚೀಟಿ ಬೇಕು. ನಾಳೆಗೆ ಒಂಬತ್ತು ಹಾಡು. ಒಟ್ಟು ಸಾವಿರದ ಅರವತ್ತೆರಡು ಚೀಟಿ. ಕೊಳಲಿನವ್ರದ್ದು ದೊಡ್ಡ ಕಹಳೆ ಟ್ಯೂಬಾ ಊದೋನ ಕೈಗೆ ಹೋದ್ರೆ ಮೈದಾನದ ಮಧ್ಯ ಅವನು ಕಣ್ ಕಣ್ ಬಿಡ್ಬೇಕು. ಅದಕ್ಕೆ ಪ್ರತಿಯೊಂದನ್ನೂ ಎರಡು ಸಲ ನೋಡ್ತಾರೆ, ಒಂದ್ಸಲ ಕನ್ನಡಕ ಹಾಕ್ಕೊಂಡು, ಒಂದ್ಸಲ ತೆಗೆದು.

ಎಡಗೈಯ ಎರಡು ಬೆರಳಿಗೆ ತುದಿ ಇಲ್ಲ. ಹತ್ತೊಂಬತ್ತನೇ ವಯಸ್ಸಲ್ಲಿ ಅಪ್ಪನ ಹೊಲದಲ್ಲಿ ಜೋಳ ಕೀಳೋ ಮೆಷಿನ್ನಿಗೆ ಸಿಕ್ಕಿದ್ದು. ಅಲ್ಲೀವರೆಗೂ ಇದೇ ಬ್ಯಾಂಡಲ್ಲಿ ಕ್ಲಾರಿನೆಟ್ ನುಡಿಸ್ತಿದ್ರು. ಆಮೇಲೆ ಅದರ ತೂತು ಮುಚ್ಚೋಕೆ ಬೆರಳು ಸಾಲಲಿಲ್ಲ. ಬೇರೆ ವಾದ್ಯ ಹಿಡೀಬಹುದಿತ್ತಲ್ಲ ಅಂತ ಕೇಳಿದ್ರೆ ಉತ್ತರ ರೆಡಿ ಇದೆ. "ಟ್ರಂಪೆಟ್‌ಗೆ ಬಲಗೈಯ ಮೂರೇ ಬೆರಳು ಸಾಕು. ಆದ್ರೆ ನಂಗೆ ಟ್ರಂಪೆಟ್‌ನವ್ರನ್ನ ಕಂಡ್ರೆ ಆಗಲ್ಲ."

ಈ ಕಾಲೇಜಿನ ಪದ್ಧತಿ ಹೀಗಿದೆ. ಮ್ಯಾಚ್ ಶುರುವಾಗೋ ಮುಂಚೆ ನಮ್ಮ ಬ್ಯಾಂಡು ನಮ್ಮ ಜನಕ್ಕೆ ಬೆನ್ನು ತಿರುಗಿಸಿ, ಬಂದೋರ ಕಡೆ ಮುಖ ಮಾಡಿ, ಅವ್ರ ಕಾಲೇಜಿನ ಹಾಡು ನುಡಿಸುತ್ತೆ. ನಮ್ಮ ಹಾಡು ಆಮೇಲೆ. ಬಂದ ಟೀಮಿನವ್ರು ಎದ್ದು ನಿಂತು ಹಾಡ್ತಾರೆ. ಅದು ಮುಗಿದ ಮೇಲೆ ಮೂರು ಗಂಟೆ ಅವ್ರನ್ನ ನೆಲಕ್ಕೆ ಕೆಡವೋದು, ಅದು ಬೇರೆ ವಿಷಯ.

ಹನ್ನೊಂದು ವರ್ಷದ ಹಿಂದೆ ಅರ್ಡಿಸ್ ಒಂದು ತಪ್ಪು ಮಾಡಿದ್ರು. ಡಕೋಟಾ ಕಡೆಯಿಂದ ಒಂದು ಕಾಲೇಜು ಬಂದಿತ್ತು. ಕಪಾಟಲ್ಲಿ ಅವ್ರ ಹೆಸರು ಬರೆದ ಕವರಿತ್ತು, ಒಳಗೆ ಹಾಡಿತ್ತು, ಅದನ್ನೇ ಕೊಟ್ರು. ಆ ಕಾಲೇಜು ಇಪ್ಪತ್ತು ವರ್ಷದ ಹಿಂದೇನೇ ಆ ಹಾಡು ಬಿಟ್ಟು ಬೇರೇದು ಇಟ್ಕೊಂಡಿತ್ತು. ಬ್ಯಾಂಡು ನುಡಿಸಿ ಮುಗಿಸ್ತು. ಆ ಕಡೆ ಹುಡುಗರು ತಮ್ಮ ಹಾಡು ಇನ್ನೇನು ಬರುತ್ತೆ ಅಂತ ಸುಮ್ನೆ ನಿಂತೇ ಇದ್ರು. ನಮ್ಮೋರು ಆರು ಸಾವಿರ ಜನ ಚಪ್ಪಾಳೆ ಹೊಡೆದ್ರು, ಒಬ್ಬರಿಗೂ ಏನೂ ಗೊತ್ತಾಗ್ಲಿಲ್ಲ. ಮ್ಯಾಚಾದ್ಮೇಲೆ ಆ ಕಡೆಯ ಒಬ್ಬ ಅಜ್ಜಿ ಬಂದು ಅರ್ಡಿಸ್ ಕೈ ಹಿಡ್ಕೊಂಡು, "ಮೊದಲು ನುಡಿಸಿದ್ರಲ್ಲ, ತುಂಬಾ ಚೆನ್ನಾಗಿತ್ತಮ್ಮ. ಅದು ಯಾರ ಹಾಡು?" ಅಂತ ಕೇಳಿದ್ರು.

"ಬೈದಿದ್ರೆ ಮರೀಬಹುದಿತ್ತು" ಅಂತಾರೆ ಅರ್ಡಿಸ್. "ಅವ್ರು ಹೊಗಳಿಬಿಟ್ರು."

ಆವತ್ತಿಂದ ಅವ್ರು ಕವರನ್ನ ನಂಬಲ್ಲ. ಪ್ರತಿ ಕಾಲೇಜಿಗೂ ಫೋನ್ ಮಾಡ್ತಾರೆ. ಕೋಲ್ಡ್ ವೆಲ್ಸ್‌ಗೂ ಮಾಡಿದ್ರು. ಅಲ್ಲಿನ ಕ್ರೀಡಾ ಆಫೀಸಿನ ಹುಡುಗ, "ಹಾಡಾ? ಸ್ಪೀಕರಲ್ಲಿ ಏನೋ ಒಂದು ಹಾಕ್ತೀವಿ ಮೇಡಂ" ಅಂದ. ಬ್ಯಾಂಡ್ ಇಲ್ಲ, ಹಾಡು ಇತ್ತು ಅನ್ನೋದೂ ಅವನಿಗೆ ಗೊತ್ತಿಲ್ಲ. ಅರ್ಡಿಸ್ ಲೈಬ್ರರಿಗೆ ಮಾಡಿದ್ರು, ಅಡ್ಮಿಷನ್ ಆಫೀಸಿಗೆ ಮಾಡಿದ್ರು, ಚರ್ಚಿಗೆ ಮಾಡಿದ್ರು. ಹಳೇ ವಾರ್ಷಿಕ ಸಂಚಿಕೆ ಒಂದರಲ್ಲಿ ನಾಲ್ಕು ಸಾಲು ಪದ ಸಿಕ್ತು. ರಾಗ ಇಲ್ಲ. ಹನ್ನೊಂದನೇ ಫೋನಿಗೆ ವೃದ್ಧಾಶ್ರಮದಲ್ಲಿದ್ದ ತೊಂಬತ್ತೊಂದು ವರ್ಷದ ಓರ್ವಿಲ್ ಟಕೆಟ್ ಸಿಕ್ಕಿದ್ರು. ಹುಡುಗನಾಗಿದ್ದಾಗ ಆ ಕಾಲೇಜಿನ ಬ್ಯಾಂಡಲ್ಲಿ ಇದ್ದೋರು.

"ಇದ್ದೆ, ನಿಜ. ಆದ್ರೆ ನಾನು ಡ್ರಮ್ ಬಾರಿಸ್ತಿದ್ದೋನು" ಅಂದ್ರು ಓರ್ವಿಲ್. "ರಾಗ ನೆನಪಿಲ್ಲಮ್ಮ. ಏಟು ಬೇಕಾದ್ರೆ ಹೇಳ್ತೀನಿ."

"ಅದನ್ನೇ ಹೇಳಿ" ಅಂದ್ರು ಅರ್ಡಿಸ್.

ಓರ್ವಿಲ್ ಊಟದ ಮೇಜಿನ ಮೇಲೆ ಬೆರಳಲ್ಲಿ ಬಾರಿಸಿದ್ರು. ಅರ್ಡಿಸ್ ಈ ಕಡೆ ಪೆನ್ಸಿಲ್ ಹಿಡಿದು, ನಾಲ್ಕು ಸಾಲಿನ ಒಂದೊಂದು ಅಕ್ಷರದ ಕೆಳಗೂ ಏಟು ಗುರುತು ಹಾಕ್ಕೊಂಡ್ರು. ನಡಿಗೆ ಸಿಕ್ತು, ರಾಗ ಸಿಗ್ಲಿಲ್ಲ. ಮೂರು ದಿನ ಆದ್ಮೇಲೆ ಭಾನುವಾರ ಬೆಳಗ್ಗೆ ಆ ಕಡೆಯಿಂದಾನೇ ಫೋನ್ ಬಂತು. "ಗಡ್ಡ ಬೋಳಿಸ್ಕೊಳ್ತಿದ್ದೆ, ಬಂದ್ಬಿಡ್ತು. ಬೇಗ ಬರ್ಕೊ, ಮತ್ತೆ ಹೋಗುತ್ತೆ." ಅರ್ಧ ಕೆನ್ನೆಗೆ ನೊರೆ ಹಾಗೇ ಇತ್ತಂತೆ, ಹಾಡು ಮುಗಿಯೋವರೆಗೂ ನರ್ಸಿಗೆ ಒರೆಸೋಕೆ ಬಿಡ್ಲಿಲ್ವಂತೆ.

ಅರ್ಡಿಸ್ ಬರ್ಕೊಂಡ್ರು. ಆದ್ರೂ ನಂಬಲಿಲ್ಲ. ಮಾರನೇ ದಿನ ಅವ್ರೇ ಫೋನ್ ಮಾಡಿ, ಬೇಕು ಅಂತಾನೇ ಮೂರನೇ ಸಾಲು ತಪ್ಪಾಗಿ ಗುನುಗಿದ್ರು. ಓರ್ವಿಲ್‌ಗೆ ಸಿಟ್ಟು ಬಂತು. "ಅಲ್ಲಿ ಮೇಲಕ್ಕೆ ಹೋಗ್ಬೇಕಮ್ಮ, ಕೆಳಗ್ಯಾಕೆ ಇಳೀತೀಯ? ನಿಂಗೆ ಕಿವಿ ಇಲ್ವಾ?" ಅಂದ್ರು. ಹಾಡು ಸರಿ ಇದೆ ಅಂತ ಅರ್ಡಿಸ್‌ಗೆ ಆಗ ಗೊತ್ತಾಯ್ತು. ನೀವೂ ಮ್ಯಾಚಿಗೆ ಬನ್ನಿ ಅಂತ ಕರೆದ್ರು. "ಹದಿನಾಲ್ಕು ಗಂಟೆ ಬಸ್ಸಾ? ಹದಿನಾಲ್ಕು ನಿಮಿಷಕ್ಕೊಂದ್ಸಲ ನಿಲ್ಲಿಸ್ಬೇಕಾಗುತ್ತೆ" ಅಂದ್ರಂತೆ ಓರ್ವಿಲ್.

ರಾಗ ಒಂದು ಸಿಕ್ಕಿದ್ರೆ ಸಾಲಲ್ಲ, ಅದನ್ನ ಇಪ್ಪತ್ಮೂರು ಥರದ ವಾದ್ಯಕ್ಕೆ ಬೇರೆ ಬೇರೆ ಬರೀಬೇಕು. ಐದು ದಿನ ಹಿಡೀತು. ಬ್ಯಾಂಡ್ ನಿರ್ದೇಶಕರ ಹೆಸರು ಕಿಪ್ ಓಸ್ಟ್ರಾಂಡರ್, ಮೂವತ್ನಾಲ್ಕು ವರ್ಷ. ಅರ್ಡಿಸ್ ಕಂಡ್ರೆ ಅವ್ರಿಗೆ ಗೌರವ, ಸ್ವಲ್ಪ ಭಯಾನೂ ಇದೆ. ಅವ್ರು ಕೇಳಿದ ಪ್ರಶ್ನೆ ಮಾತ್ರ ನ್ಯಾಯವಾಗೇ ಇತ್ತು.

"ಅರ್ಡಿಸ್, ಬರ್ತಿರೋದು ಐವತ್ನಾಲ್ಕು ಹುಡುಗರು. ಈ ಹಾಡು ಇದೆ ಅಂತ ಅವ್ರಿಗೇ ಗೊತ್ತಿಲ್ಲ. ನಾವು ಯಾರಿಗೋಸ್ಕರ ನುಡಿಸ್ತಿದೀವಿ?"

ಆ ರಾತ್ರಿ ನಿದ್ದೆ ಸರಿಯಾಗಿ ಬರ್ಲಿಲ್ಲ ಅಂತ ಅರ್ಡಿಸ್ ಒಪ್ಕೋತಾರೆ. "ಆವತ್ತು ತಪ್ಪು ಹಾಡು ಕೊಟ್ಟಿದ್ದಕ್ಕೆ ಅವ್ರು ಸುಮ್ನೆ ನಿಂತಿದ್ರು. ಈ ಸಲ ಸರಿಯಾದ್ದೇ ಕೊಡ್ತೀನಿ, ಇವ್ರೂ ಸುಮ್ನೆ ನಿಂತಿರ್ತಾರೆ. ನೋಡೋರಿಗೆ ಎರಡೂ ಒಂದೇ ಅಲ್ವಾ? ಮೂವತ್ತೊಂದು ವರ್ಷದ ಕೆಲಸ ಅಂದ್ರೆ ಇಷ್ಟೇನಾ ಅನ್ನಿಸ್ತು."

ಬುಧವಾರ ಪ್ರಾಕ್ಟೀಸಲ್ಲಿ ಅವ್ರು ಮೈದಾನದ ಅಂಚಿಗೆ ಬಂದು ಫೋನ್ ಎತ್ತಿ ಹಿಡಿದು ನಿಂತ್ರು. ಸಾಮಾನ್ಯವಾಗಿ ಅವ್ರು ನೆಲಮಾಳಿಗೆ ಬಿಟ್ಟು ಬರೋದೇ ಇಲ್ಲ. ಟ್ರಂಪೆಟ್ ಹುಡುಗ ಒಬ್ಬ, "ಏನ್ ಅರ್ಡಿಸ್, ಬಿಸಿಲು ನೋಡೋಕೆ ಬಂದ್ರಾ?" ಅಂತ ಕಾಲೆಳೆದ.

"ನಿನ್ ಅಪಸ್ವರ ಕೆಳಗಡೆವರೆಗೂ ಕೇಳಿಸ್ತಿತ್ತು ಕಣೋ. ಯಾವ ಪ್ರಾಣಿಗೆ ಪೆಟ್ಟಾಗಿದೆ ಅಂತ ನೋಡೋಕೆ ಬಂದೆ."

ಅದನ್ನ ರೆಕಾರ್ಡ್ ಮಾಡಿ, ಪದದ ಜೊತೆ ಕೋಲ್ಡ್ ವೆಲ್ಸ್‌ನ ಸಾಮಾನು ನೋಡ್ಕೊಳ್ಳೋ ಡೆನ್ನಿ ರೂಕರ್ ಅನ್ನೋರಿಗೆ ಕಳಿಸಿದ್ರು. ಹೆಲ್ಮೆಟ್ಟು, ಬೂಟು, ನೀರಿನ ಬಾಟಲಿ ಎಲ್ಲಾ ಅವ್ರದ್ದೇ ಜವಾಬ್ದಾರಿ. 'ಬಸ್ಸಲ್ಲಿ ಒಂದ್ಸಲ ಹಾಕಿ ಕೇಳಿಸಿ' ಅಂತಷ್ಟೇ ಅರ್ಡಿಸ್ ಬರೆದಿದ್ರು. ಉತ್ತರ ಬರ್ಲಿಲ್ಲ.

ಇವತ್ತು ಬೆಳಗ್ಗೆ ಕಟರ್ ಮುಂದೆ ನಿಂತಾಗ್ಲೂ ಬಂದಿರ್ಲಿಲ್ಲ. ಹತ್ತು ಗಂಟೆ ಹೊತ್ತಿಗೆ ಸಾವಿರದ ಅರವತ್ತೆರಡೂ ಚೀಟಿ ಜೇಬು ಸೇರಿದ್ವು. ಮಧ್ಯಾಹ್ನ ಅರ್ಡಿಸ್ ಮನೆಯಿಂದ ತಂದ ಹಾಟ್‌ಡಿಶ್, ಅಂದ್ರೆ ಓವನ್ನಲ್ಲಿ ಬೇಯಿಸಿದ ಆಲೂಗಡ್ಡೆ ಮಾಂಸ, ಡಬ್ಬಿಯಿಂದಾನೇ ತಿಂದ್ರು, ತಣ್ಣಗಿತ್ತು. ಎರಡೂವರೆಗೆ ಫೋನ್ ಬಂತು. ಡೆನ್ನಿ. ಅರ್ಡಿಸ್ ಸ್ಪೀಕರ್ ಆನ್ ಮಾಡಿ ಮೇಜಿನ ಮೇಲಿಟ್ರು.

"ಈಗ ತಾನೇ ಮೋಟೆಲ್ ತಲುಪಿದ್ವಿ ಮೇಡಂ" ಅಂದ್ರು ಡೆನ್ನಿ. "ದಾರೀಲಿ ಬಸ್ ಕೆಟ್ಟು ಮೂರು ಗಂಟೆ ರಸ್ತೆ ಪಕ್ಕ ನಿಂತಿದ್ವಿ. ಮಾಡೋಕೆ ಬೇರೆ ಕೆಲಸ ಇರ್ಲಿಲ್ಲ, ನಿಮ್ಮ ಹಾಡು ಹಾಕ್ದೆ. ಮೊದಲು ನಕ್ಕರು. ಆಮೇಲೆ ಹಾಡಿದ್ರು. ಈಗ ನಿಲ್ಲಿಸ್ತಾನೇ ಇಲ್ಲ. ಆದ್ರೆ ಒಂದು ತೊಂದ್ರೆ ಆಗಿದೆ, ಎರಡನೇ ಸಾಲು ಕೆಡಿಸಿಬಿಟ್ಟಿದಾರೆ."

"ನಾನು ಮೂರು ಗಂಡು ಮಕ್ಕಳನ್ನ ಸಾಕಿದೀನಿ. ಎಂಥ ಪೋಲಿ ಪದ ಆದ್ರೂ ಪರವಾಗಿಲ್ಲ, ಹೇಳಿ."

"ಅಂಥದ್ದೇನಲ್ಲ ಮೇಡಂ. ಹಾಡಲ್ಲಿರೋದು 'ಬೆಟ್ಟದ ನೆರಳಲ್ಲಿ ನಿಂತಿದೆ ನಮ್ಮ ಮನೆ'. ಇವ್ರು 'ಬೆಟ್ಟದ ನೆರಳಲ್ಲಿ ಕೆಟ್ಟು ನಿಂತಿದೆ ನಮ್ಮ ಬಸ್' ಅಂತಿದಾರೆ. ಸರಿಯಾದ ಪದ ಹೇಳ್ಕೊಟ್ರೂ ಕೇಳ್ತಿಲ್ಲ."

ಅರ್ಡಿಸ್ ತುದಿಯಿಲ್ಲದ ಬೆರಳಲ್ಲಿ ಮೇಜಿನ ಮೇಲೆ ಏಟು ಹಾಕ್ತಾ, ಬಾಯೊಳಗೇ ಗುನುಗ್ತಾರೆ. ಮತ್ತೆ ಗುನುಗ್ತಾರೆ.

"ಆ 'ಕೆಟ್ಟು' ಅನ್ನೋದನ್ನ ಎಲ್ಲಿ ತೂರಿಸ್ತಾರೆ? 'ನೆರಳಲ್ಲಿ' ಆದ್ಮೇಲೆ ಉದ್ದಕ್ಕೆ ಎಳೆಯೋ ಸ್ವರ ಇದೆಯಲ್ಲ, ಅಲ್ಲೇನಾ?"

"ಅಲ್ಲೇ. ಗುಡುಗುಡು ಅಂತ ಓಡಿಸಿಬಿಡ್ತಾರೆ."

"ಆಯ್ತು. ಮಲಗೋಕೆ ಹೇಳಿ ಅವ್ರಿಗೆ" ಅಂತ ಅರ್ಡಿಸ್ ಫೋನ್ ಇಡ್ತಾರೆ.

ಆಮೇಲೆ ಜೇಬಿಗೆ ಹಾಕಿದ ಚೀಟಿಗಳನ್ನ ವಾಪಸ್ ಈಚೆ ತೆಗೆಯೋಕೆ ಶುರು ಮಾಡ್ತಾರೆ. ಎಲ್ಲಾ ಅಲ್ಲ, ರಾಗ ನುಡಿಸೋರದ್ದು ಮಾತ್ರ. ಕೊಳಲು, ಕ್ಲಾರಿನೆಟ್, ಟ್ರಂಪೆಟ್ ಸೇರಿ ಐವತ್ಮೂರು. ಆ ಉದ್ದ ಸ್ವರವನ್ನ ಕಪ್ಪು ಪೆನ್ನಲ್ಲಿ ಹೊಡೆದು, ಅದೇ ಜಾಗದಲ್ಲಿ ಚಿಕ್ಕ ಚಿಕ್ಕದಾಗಿ ಮೂರು ಬರೀತಾರೆ. ಹತ್ತನೇ ಚೀಟಿ ಹೊತ್ತಿಗೆ ಕಿಪ್ ಮೆಟ್ಟಿಲಿಳಿದು ಬರ್ತಾರೆ. ವಿಷಯ ಕೇಳಿ ಬಾಗಿಲಿಗೆ ಒರಗಿ ನಿಲ್ತಾರೆ.

"ಸರಿಯಾದ ಹಾಡೇ ಬೇಕು ಅಂತ ಎರಡು ವಾರ ನನ್ನ ಪ್ರಾಣ ತಿಂದ್ರಿ. ಈಗ ನೀವೇ ಕೆಡಿಸ್ತಿದೀರಾ?"

"ಓರ್ವಿಲ್‌ಗೆ ಗೊತ್ತಾದ್ರೆ ಬೈತಾರೆ" ಅಂತಾರೆ ಅರ್ಡಿಸ್, ಹನ್ನೊಂದನೇದು ಎತ್ಕೊಳ್ತಾ. "ಬೈಲಿ. ಅವ್ರು ಹೇಳ್ಕೊಟ್ಟಾಗ ಹಾಡೋರು ಯಾರೂ ಇರ್ಲಿಲ್ಲ. ಈಗ ಐವತ್ನಾಲ್ಕು ಜನ ಇದಾರೆ."

ಕಿಪ್ ಇನ್ನೊಂದು ಕುರ್ಚಿ ಎಳ್ಕೊಂಡು ಕೂತು, ಟ್ರಂಪೆಟ್ ಕಟ್ಟು ತಮ್ಮ ಕಡೆ ಸರಿಸ್ಕೋತಾರೆ. ಅವ್ರು ಬರೆದ ಮೊದಲನೇ ಚೀಟೀನ ಅರ್ಡಿಸ್ ಬೆಳಕಿಗೆ ಹಿಡಿದು ನೋಡ್ತಾರೆ, ಒಂದ್ಸಲ ಕನ್ನಡಕ ಹಾಕ್ಕೊಂಡು, ಒಂದ್ಸಲ ತೆಗೆದು. ನಾಳೆ ಯಾರು ಗೆಲ್ತಾರೆ ಅಂತ ಕೇಳಿದ್ರೆ ತಲೆ ಎತ್ತಲ್ಲ.

"ನಮ್ಮೋರು ಗೆಲ್ಲಲಿ. ಅದು ಕೋಚ್ ತಲೆನೋವು" ಅಂತಾರೆ. "ನಂದು ಇಷ್ಟೇ. ಆ ಹುಡುಗರು ಬಾಯಿ ತೆಗೆದಾಗ, ಅವ್ರ ಬಸ್ಸಿಗೆ ಹಾಡಲ್ಲಿ ಜಾಗ ಇರ್ಬೇಕು."